ಗುಡ್ಡ ಕಡಿಯುವ ಮೊದಲು ನೀರಿನ ದಾರಿ

ಕರಾವಳಿಯ ಒಳನಾಡಿನಲ್ಲಿ, ಅಂದರೆ ಪುತ್ತೂರು, ಸುಳ್ಯ, ಬೆಳ್ತಂಗಡಿ, ಕಾರ್ಕಳದ ಸುತ್ತಮುತ್ತ, ಹೊಸ ಮನೆ ಎಂದರೆ ಹೆಚ್ಚಾಗಿ ಗುಡ್ಡದ ಮೈಯಲ್ಲಿ ಏಳುವ ಮನೆ. ತಗ್ಗಿನ ಬಯಲು ಗದ್ದೆಗೂ ಅಡಿಕೆ ತೋಟಕ್ಕೂ ಸಂದುಹೋಗಿರುವುದರಿಂದ, ಪಾಲಿನಲ್ಲಿ ಹತ್ತೋ ಹದಿನೈದೋ ಸೆಂಟ್ಸ್ ಬಂದವರಿಗೆ ಉಳಿಯುವುದು ಇಳಿಜಾರಿನ ಜಾಗವೇ. ಹಿಂದೆ ಅಂಥ ಜಾಗವನ್ನು ಸಮ ಮಾಡಬೇಕಾದರೆ ಪಿಕ್ಕಾಸು, ಹಾರೆ, ಬುಟ್ಟಿ ಹಿಡಿದ ಆಳುಗಳು ಇಡೀ ಬೇಸಗೆ ದುಡಿಯಬೇಕಾಗಿತ್ತು, ಮತ್ತು ಆ ಶ್ರಮವೇ ಎಷ್ಟು ಕಡಿಯಬೇಕೆಂಬುದಕ್ಕೆ ಒಂದು ಮಿತಿಯನ್ನು ಹಾಕುತ್ತಿತ್ತು. ಈಗ ಜೆಸಿಬಿಯೋ ಹಿಟಾಚಿಯೋ ಬಂದು ಎರಡು ಮೂರು ದಿನಗಳಲ್ಲಿ ಹಿಂದೆ ಒಂದು ನೆಟ್ಟಗಿನ ಬರೆಯನ್ನೂ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ) ಮುಂದೆ ಒಂದು ಚಪ್ಪಟೆ ಅಂಗಳವನ್ನೂ ನಿಲ್ಲಿಸಿ ಹೊರಟುಹೋಗುತ್ತದೆ. ಯಂತ್ರದ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಏರುತ್ತಿರುವಾಗ ಯಜಮಾನನಿಗೂ ಯೋಚಿಸಲು ಪುರುಸೊತ್ತಿರುವುದಿಲ್ಲ, ಚಾಲಕನಿಗೂ ಇರುವುದಿಲ್ಲ.

ಕಳೆದ ಬೇಸಗೆಯಲ್ಲಿ ಪುತ್ತೂರು ತಾಲೂಕಿನ ನಮ್ಮ ಜಾಗದಲ್ಲಿ ಮನೆಯ ಅಡಿಪಾಯಕ್ಕೆಂದು ಮಣ್ಣಿನ ಕೆಲಸ ಮಾಡಿಸಿದೆವು. ಅದಕ್ಕೆ ಮುಂಚೆ ನಾನು ಓದಿದ್ದು, ಅನುಭವಿ ಮೇಸ್ತ್ರಿಗಳನ್ನೂ ಎಂಜಿನಿಯರುಗಳನ್ನೂ ಕೇಳಿದ್ದು, ನೆರೆಹೊರೆಯ ಬರೆಗಳನ್ನು ಮಳೆಗಾಲದಲ್ಲಿ ನಿಂತು ನೋಡಿದ್ದು, ಇವೆಲ್ಲದರಿಂದ ಒಂದು ಮಾತು ನನಗೆ ಗಟ್ಟಿಯಾಗಿದೆ. ಜಾಗ ಸಮ ಮಾಡುವ ಕೆಲಸವು ಮೂಲತಃ ನೀರಿನ ಕೆಲಸ. ಗುಡ್ಡದ ಮೇಲೆ ಬಿದ್ದ ನೀರು ಇದುವರೆಗೆ ಯಾವ ದಾರಿಯಲ್ಲಿ ಇಳಿಯುತ್ತಿತ್ತು, ಕಡಿದ ಮೇಲೆ ಯಾವ ದಾರಿಯಲ್ಲಿ ಇಳಿಯಬೇಕು ಎಂಬುದು ತೀರ್ಮಾನವಾಗದೆ ಮಣ್ಣಿಗೆ ಬಕೆಟ್ಟು ಇಳಿಸಬಾರದು. ತೀರ್ಮಾನವಾದ ಮೇಲೂ ಕಡಿಯುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಇದಕ್ಕೆ ಕಾರಣ ನಮ್ಮ ಗುಡ್ಡಗಳ ಒಳರಚನೆಯಲ್ಲಿದೆ. ಮೇಲೆ ಕೆಲವು ಅಡಿ ಮೇಲ್ಮಣ್ಣು, ಅದರ ಕೆಳಗೆ ಕೆಂಪುಕಲ್ಲು, ಅಂದರೆ ಮುರಕಲ್ಲು. ನೆಲದಲ್ಲಿರುವಾಗ ಕತ್ತಿಯಿಂದ ಕಡಿಯುವಷ್ಟು ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲಿನ ಗುಣವನ್ನು ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪುರಂ ಬಳಿ ಗಮನಿಸಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ವರದಿಯಲ್ಲಿ ದಾಖಲಿಸಿದ. ನಮ್ಮ ಮನೆಗಳ ಗೋಡೆಗಳೆಲ್ಲ ಅದರವೇ ಆದ್ದರಿಂದ ಅದರ ಮೇಲೆ ನಮಗೆ ಅಪಾರ ಭರವಸೆಯಿದೆ, ಮತ್ತು ಆ ಭರವಸೆ ತಪ್ಪೇನಲ್ಲ: ಗಟ್ಟಿ ಮುರಕಲ್ಲಿನ ಬರೆ ನೆಟ್ಟಗೆ ಕಡಿದರೂ ದಶಕಗಳ ಕಾಲ ನಿಂತಿರುವುದನ್ನು ಹಳೆಯ ಕಲ್ಲಿನ ಕೋರೆಗಳಲ್ಲಿ ನೋಡಬಹುದು. ತೊಂದರೆ ಇರುವುದು ಕಲ್ಲಿನ ಕೆಳಗೆ. ಅಲ್ಲಿ ಬಿಳಿ, ನಸುಗೆಂಪು, ಹಳದಿ ಬಣ್ಣಗಳು ಬೆರೆತ, ಬೆರಳಿಗೆ ಹಿಟ್ಟಿನಂತೆ ಹತ್ತುವ ಶೇಡಿ ಮಣ್ಣು ಇರುತ್ತದೆ. ಒಣಗಿರುವಾಗ ಅದೂ ಗಟ್ಟಿಯೇ. ಫೆಬ್ರವರಿಯಲ್ಲಿ ಕಡಿದ ಶೇಡಿಯ ಬರೆ ಗೋಡೆಯಷ್ಟು ನುಣುಪಾಗಿ ನಿಂತು ಎಲ್ಲರನ್ನೂ ನಂಬಿಸುತ್ತದೆ. ನೀರು ತುಂಬಿಕೊಂಡಾಗ ಅದೇ ಮಣ್ಣು ತನ್ನ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ, ಒಸರುವ ನೀರಿನೊಂದಿಗೆ ಕಣಕಣವಾಗಿ ಕೊಚ್ಚಿಹೋಗುತ್ತದೆ. ಅಡಿಯ ಶೇಡಿ ಹೀಗೆ ಟೊಳ್ಳಾದಾಗ ಮೇಲಿನ ಕಲ್ಲಿನ ಪದರ ಆಸರೆಯಿಲ್ಲದೆ ಒಮ್ಮೆಲೇ ಕಳಚಿ ಬೀಳುತ್ತದೆ.

ಕಲ್ಲಿನಲ್ಲಿ ಇಂಗಿ ಇಳಿದ ನೀರು ಶೇಡಿಯ ಮೇಲೆ ತಂಗಿ, ಇಳಿಜಾರು ಇರುವ ಕಡೆಗೆ ಹರಿಯುತ್ತದೆಯೆಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ಬಂಟ್ವಾಳ ತಾಲೂಕಿನ ಮಾಣಿಲದಲ್ಲಿ, ಕಾಸರಗೋಡಿನ ಬಾಯಾರು, ಎಣ್ಮಕಜೆ, ಶೇಣಿಯ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳು ಈಗಲೂ ಮನೆಗೂ ತೋಟಕ್ಕೂ ನೀರು ಕೊಡುತ್ತಿವೆ. ಒಬ್ಬ ಆಳು ಪಿಕ್ಕಾಸು ಹಿಡಿದು ಮುಂದೆ ಸಾಗುವಷ್ಟು ಮಾತ್ರ ಎತ್ತರವೂ ಅಗಲವೂ ಇರುವ ಈ ಸುರಂಗಗಳನ್ನು ತೋಡುವವರು, ಕಲ್ಲಿನ ಪದರ ಎಲ್ಲಿ ಮುಗಿದು ನೀರು ಎಲ್ಲಿ ಒಸರಬಹುದೆಂಬುದನ್ನು ಗಿಡಮರಗಳನ್ನೂ ಮಣ್ಣಿನ ತೇವವನ್ನೂ ನೋಡಿ ಊಹಿಸುತ್ತಿದ್ದರು. ಮನೆಗೆಂದು ಗುಡ್ಡವನ್ನು ಕಡಿಯುವ ನಾವೂ ಅರಿಯದೆಯೇ ಅದನ್ನೇ ಮಾಡುತ್ತಿರುತ್ತೇವೆ, ಆದರೆ ಆ ತಿಳುವಳಿಕೆಯಿಲ್ಲದೆ, ಮತ್ತು ಹತ್ತು ಹದಿನೈದು ಮೀಟರ್ ಅಗಲಕ್ಕೆ. ಕಲ್ಲು ಮತ್ತು ಶೇಡಿ ಕೂಡುವ ಗೆರೆಯನ್ನು ನಮ್ಮ ಬರೆ ತುಂಡರಿಸಿದರೆ ಅಷ್ಟೂ ಅಗಲದಲ್ಲಿ ಗುಡ್ಡದ ನೀರು ಮನೆಯ ಹಿಂಬದಿಗೆ ಬಾಯಿ ತೆರೆಯುತ್ತದೆ. ಹಾಗಾಗಿ ಜಾಗವನ್ನು ಕಡಿಯುವ ಮೊದಲು, ಮನೆ ಬರುವಲ್ಲಿ ಒಂದು, ಹಿಂದಿನ ಬರೆ ಬರುವಲ್ಲಿ ಒಂದು ಪರೀಕ್ಷಾ ಗುಂಡಿ ತೆಗೆಸಿ, ಎಷ್ಟು ಆಳಕ್ಕೆ ಕಲ್ಲು, ಎಷ್ಟು ಆಳಕ್ಕೆ ಶೇಡಿ ಎಂದು ಕಣ್ಣಾರೆ ನೋಡಬೇಕು. ಯಂತ್ರಕ್ಕೆ ಅದು ಅರ್ಧ ಗಂಟೆಯ ಕೆಲಸವೂ ಅಲ್ಲ. ನಮ್ಮ ಜಾಗದಲ್ಲಿ ಮೇಲ್ಗಡೆಯ ಗುಂಡಿಯಲ್ಲಿ ಎರಡು ಮೀಟರ್ ದಾಟುವುದರೊಳಗೆ ಬಿಳಿ ಮಣ್ಣು ಕಾಣಿಸಿತು, ಮತ್ತು ಆ ಒಂದು ನೋಟದಿಂದ ಮನೆಯ ನಕ್ಷೆಯೇ ಬದಲಾಯಿತು.

ನೀರಿನ ಪ್ರಮಾಣದ ಅಂದಾಜು ಬಹಳ ಜನರಿಗೆ ಇರುವುದಿಲ್ಲ, ಲೆಕ್ಕ ಮಾತ್ರ ಬಹಳ ಸುಲಭ. 1 ಮಿಲಿಮೀಟರ್ ಮಳೆ 1 ಚದರ ಮೀಟರ್ ನೆಲದ ಮೇಲೆ ಬಿದ್ದರೆ 1 ಲೀಟರ್ ನೀರಾಗುತ್ತದೆ. 15 ಸೆಂಟ್ಸ್ ಜಾಗವೆಂದರೆ ಸುಮಾರು 607 ಚದರ ಮೀಟರ್. ಜೂನ್, ಜುಲೈಯಲ್ಲಿ ದಿನಕ್ಕೆ 150 ಮಿಲಿಮೀಟರ್ ಸುರಿಯುವುದು ನಮ್ಮಲ್ಲಿ ಅಪರೂಪವೇನಲ್ಲ. ಅಂಥ ಒಂದು ದಿನ ಆ ಜಾಗದ ಮೇಲೆ ಸುಮಾರು 91,000 ಲೀಟರ್ ನೀರು ಬೀಳುತ್ತದೆ. 1,500 ಚದರ ಅಡಿಯ ಮಾಡಿನಿಂದಲೇ ಸುಮಾರು 21,000 ಲೀಟರ್ ಇಳಿಯುತ್ತದೆ. ಇದು ಸ್ವಂತ ಜಾಗದ ಲೆಕ್ಕ ಮಾತ್ರ. ಮೇಲಿನ ಗುಡ್ಡ ಒಂದೆರಡು ಎಕರೆಯಷ್ಟು ನಮ್ಮ ಕಡೆಗೆ ಇಳಿದಿದ್ದರೆ ಅದರ ನೀರೂ ಇದಕ್ಕೆ ಸೇರುತ್ತದೆ. ಗಿಡಗಂಟಿಗಳೂ ತರಗೆಲೆಯೂ ಇರುವ ನೆಲ ಈ ನೀರಿನ ದೊಡ್ಡ ಪಾಲನ್ನು ತಡೆದು ನಿಧಾನವಾಗಿ ಬಿಡುತ್ತಿತ್ತು. ಬೋಳಿಸಿದ ನೆಲ ಅದನ್ನು ಒಂದೇ ಏಟಿಗೆ ಕೆಳಗೆ ಕಳಿಸುತ್ತದೆ.

ಹೀಗಾಗಿ ಜಾಗವನ್ನು ಮಳೆಗಾಲದಲ್ಲಿ ನೋಡದೆ ಬೇಸಗೆಯಲ್ಲಿ ಕಡಿಯಬಾರದು. ಜೋರು ಮಳೆಯ ಹೊತ್ತಿನಲ್ಲಿ ಕೊಡೆ ಹಿಡಿದು ಇಡೀ ಗಡಿಯನ್ನು ಒಂದು ಸುತ್ತು ಹಾಕಿದರೆ, ಎಲ್ಲಿ ನೀರು ಒಳಬರುತ್ತದೆ, ಎಲ್ಲಿ ಹೊರಹೋಗುತ್ತದೆ, ಯಾವ ತಗ್ಗಿನಲ್ಲಿ ನಿಲ್ಲುತ್ತದೆ, ಎಲ್ಲಿ ಮಳೆ ನಿಂತ ಎರಡು ದಿನಗಳ ಮೇಲೂ ಒಸರುತ್ತಿರುತ್ತದೆ ಎಂಬುದೆಲ್ಲ ತಿಳಿಯುತ್ತದೆ. ಅಲ್ಲಲ್ಲಿ ಗೂಟ ಹೊಡೆದು ಗುರುತು ಮಾಡಿಟ್ಟರೆ ಜನವರಿಯಲ್ಲಿ ಮಟ್ಟ ಹಿಡಿಯುವಾಗ ಅನುಕೂಲ. ಮಟ್ಟ ಹಿಡಿಯಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಮೇಸ್ತ್ರಿಗಳು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪಿನಿಂದ ಹದಿನೈದು ಸೆಂಟ್ಸಿನ ಏರುತಗ್ಗನ್ನು ಒಂದು ಬೆಳಗ್ಗೆಯಲ್ಲಿ ನಿಖರವಾಗಿ ಅಳೆಯಬಹುದು, ಪೈಪಿನೊಳಗೆ ಗಾಳಿಗುಳ್ಳೆ ಇರಬಾರದು ಅಷ್ಟೇ. ಜಾಗ ದೊಡ್ಡದಾದರೆ ಸರ್ವೆಯವರಿಂದ ಸಮೋನ್ನತ ರೇಖೆಗಳ ನಕ್ಷೆ ಮಾಡಿಸುವುದು ಉತ್ತಮ, ಮತ್ತು ಅದಕ್ಕೆ ತಗಲುವ ಖರ್ಚು ಒಂದು ದಿನದ ಅನಾವಶ್ಯಕ ಯಂತ್ರದ ಬಾಡಿಗೆಗಿಂತ ಹೆಚ್ಚೇನೂ ಆಗುವುದಿಲ್ಲವೆಂದು ನನ್ನ ಅಂದಾಜು.

ಎಷ್ಟು ಕಡಿಯಬೇಕೆಂಬ ಪ್ರಶ್ನೆಯನ್ನು ಒಂದು ಉದಾಹರಣೆಯಲ್ಲಿ ವಿವರಿಸುತ್ತೇನೆ, ಏಕೆಂದರೆ ಈ ಲೆಕ್ಕ ನೋಡಿದ ಮೇಲೆ ನಮ್ಮ ಮನೆಯವರೆಲ್ಲರ ಅಭಿಪ್ರಾಯ ಬದಲಾಯಿತು. ನೆಲ 5 ಮೀಟರಿಗೆ 1 ಮೀಟರ್ ಇಳಿಯುತ್ತದೆ, ಮನೆ ಮತ್ತು ಅಂಗಳಕ್ಕೆ ಇಳಿಜಾರಿನ ದಿಕ್ಕಿನಲ್ಲಿ 15 ಮೀಟರ್, ಅಡ್ಡಕ್ಕೆ 20 ಮೀಟರ್ ಸಮತಟ್ಟು ಬೇಕು ಎಂದುಕೊಳ್ಳೋಣ. ಎಲ್ಲವನ್ನೂ ಕಡಿದೇ ಸಮ ಮಾಡಿದರೆ ಹಿಂದಿನ ಬರೆ 3 ಮೀಟರ್ ಎತ್ತರವಾಗುತ್ತದೆ, ತೆಗೆಯಬೇಕಾದ ಮಣ್ಣು 450 ಘನ ಮೀಟರ್. ಅದೇ ಜಾಗವನ್ನು ತಲಾ ಏಳೂವರೆ ಮೀಟರಿನ ಎರಡು ಮೆಟ್ಟಿಲುಗಳಾಗಿ ಕಡಿದರೆ ಮಣ್ಣು 225 ಘನ ಮೀಟರಿಗೆ ಇಳಿಯುತ್ತದೆ, ಒಂದೊಂದು ಬರೆಯ ಎತ್ತರ ಒಂದೂವರೆ ಮೀಟರ್ ಮಾತ್ರ. ಅರ್ಧ ಕಡಿದು ಆ ಮಣ್ಣನ್ನೇ ಕೆಳಗಿನ ಅರ್ಧಕ್ಕೆ ತುಂಬಿದರೆ ಕಡಿಯಬೇಕಾದದ್ದು ಸುಮಾರು 112 ಘನ ಮೀಟರ್, ಅಂದರೆ ಮೊದಲಿನದರ ಕಾಲು ಭಾಗ. ಕಡಿದ ಮಣ್ಣು ಸಡಿಲವಾಗಿ ಹಿಗ್ಗುತ್ತದೆಂಬುದನ್ನೂ ಮರೆಯಬಾರದು. ಕಾಲು ಭಾಗದಷ್ಟು ಹಿಗ್ಗಿದರೂ ಮೊದಲಿನ 450 ಘನ ಮೀಟರ್ ಸುಮಾರು 560 ಆಗುತ್ತದೆ, ಸಣ್ಣ ಟಿಪ್ಪರಿನಲ್ಲಿ ಅದು ನೂರು ಲೋಡು. ಈ ನೂರು ಲೋಡು ಮಣ್ಣು ಎಲ್ಲಿಗೆ ಹೋಗುತ್ತದೆ? ಬಹುಪಾಲು ಅದು ಕೆಳಗಿನ ಇಳಿಜಾರಿನ ಮೇಲೆಯೇ ಸುರಿಯಲ್ಪಟ್ಟು, ಮೊದಲ ಮಳೆಗೆ ತೋಡಿಗೆ, ಅಂದರೆ ಹಳ್ಳಕ್ಕೆ, ಇಳಿದು, ಯಾರದೋ ಅಡಿಕೆ ತೋಟದ ಕಣಿಗಳನ್ನು, ಅಂದರೆ ನೀರುಗಾಲುವೆಗಳನ್ನು, ಮುಚ್ಚುತ್ತದೆ. ಹೊರಗೆ ಸಾಗಿಸುವುದಾದರೆ ಅದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿಯಮಗಳಿವೆ; ಮನೆಗಾಗಿ ಕೃಷಿ ಭೂಮಿಯನ್ನು ಪರಿವರ್ತಿಸಿಕೊಳ್ಳಲು 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮು ಹೇಗೂ ಇದ್ದೇ ಇದೆ.

ಕಡಿದು ತುಂಬುವ ಮೂರನೆಯ ದಾರಿ ಕಡಿಮೆ ಖರ್ಚಿನದಾಗಿ ಕಂಡರೂ ಅದರಲ್ಲಿ ಒಂದು ಅಪಾಯ ಅಡಗಿದೆ. ಕಡಿದ ಭಾಗದ ನೆಲ ಸಹಸ್ರಾರು ವರ್ಷಗಳಿಂದ ಅಲ್ಲಿಯೇ ಕುಳಿತದ್ದು. ತುಂಬಿದ ಭಾಗದ್ದು ನಿನ್ನೆ ಮೊನ್ನೆ ಬಂದು ಬಿದ್ದದ್ದು. ಮನೆಯ ಒಂದು ಪಕ್ಕ ಗಟ್ಟಿನೆಲದ ಮೇಲೂ ಇನ್ನೊಂದು ಪಕ್ಕ ತುಂಬಿದ ಮಣ್ಣಿನ ಮೇಲೂ ಕುಳಿತರೆ, ತುಂಬಿದ ಕಡೆ ಮಾತ್ರ ತಗ್ಗಿ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ತುಂಬಿದ ಮಣ್ಣನ್ನು ಒಂದು ಮಳೆಗಾಲ ಹಾಗೆಯೇ ಬಿಟ್ಟರೆ ಕುಳಿತುಕೊಳ್ಳುತ್ತದೆಂದು ಊರಿನಲ್ಲಿ ಹೇಳುತ್ತಾರೆ. ಅರ್ಧ ಮೀಟರಿನ ತುಂಬುವಿಕೆಗೆ ಆ ಮಾತು ಬಹುಮಟ್ಟಿಗೆ ಸಾಕಾದೀತು, ಎರಡು ಮೀಟರಿನ ತುಂಬುವಿಕೆಗೆ ಖಂಡಿತ ಸಾಲದು. ಲಾಸ್ ಏಂಜಲೀಸಿನ ನೀರು ಸರಬರಾಜು ವಿಭಾಗದಲ್ಲಿ ಮಣ್ಣಿನ ಅಣೆಕಟ್ಟುಗಳ ಕೆಲಸದಲ್ಲಿದ್ದ ರಾಲ್ಫ್ ಪ್ರಾಕ್ಟರ್ ಎಂಬ ಎಂಜಿನಿಯರ್ 1933ರಲ್ಲಿ ತೋರಿಸಿಕೊಟ್ಟ ತತ್ತ್ವ ಇಂದಿಗೂ ಎಲ್ಲ ರಸ್ತೆ, ಕಟ್ಟೆಗಳ ಕೆಲಸಕ್ಕೆ ಆಧಾರವಾಗಿದೆ: ಒಂದೊಂದು ಮಣ್ಣಿಗೂ ಅದು ಅತಿ ಹೆಚ್ಚು ಬಿಗಿಯಾಗುವ ಒಂದು ತೇವದ ಹದವಿದೆ, ಅದಕ್ಕಿಂತ ಒಣಗಿದ್ದರೂ ಒದ್ದೆಯಾಗಿದ್ದರೂ ಎಷ್ಟು ಒತ್ತಿದರೂ ಅದೇ ಬಿಗಿತ ಬರುವುದಿಲ್ಲ. ಆದ್ದರಿಂದ ಮಣ್ಣನ್ನು 15ರಿಂದ 20 ಸೆಂಟಿಮೀಟರಿನ ಪದರಗಳಾಗಿ ಹರಡಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವ ಆದರೆ ಕೈಗೆ ನೀರು ಬಿಡದ ಹದಕ್ಕೆ ನೀರು ಚಿಮುಕಿಸಿ, ಪ್ರತಿ ಪದರದ ಮೇಲೂ ರೋಲರ್ ಓಡಿಸಬೇಕು. ಜೆಸಿಬಿಯ ಬಕೆಟ್ಟಿನಿಂದ ಮೇಲೆ ತಟ್ಟುವುದನ್ನು ಒತ್ತುವುದೆಂದು ಕರೆಯಲಾಗದು. ತುಂಬುವ ಮುನ್ನ ಕೆಳಗಿನ ಇಳಿಜಾರನ್ನು ಸಣ್ಣ ಮೆಟ್ಟಿಲುಗಳಾಗಿ ಕೆತ್ತಬೇಕು, ಇಲ್ಲವಾದರೆ ಹೊಸ ಮಣ್ಣು ಹಳೆಯ ಇಳಿಜಾರಿನ ಮೇಲೆ ಜಾರುತ್ತದೆ. ಹುಲ್ಲು, ಬೇರು, ಕಪ್ಪು ಮೇಲ್ಮಣ್ಣು ಇವನ್ನು ತುಂಬುವ ಮಣ್ಣಿಗೆ ಸೇರಿಸಲೇಬಾರದು. ಮೇಲಿನ ಅರ್ಧ ಅಡಿಯ ಮಣ್ಣನ್ನು ಮೊದಲೇ ಕೆರೆದು ಒಂದೆಡೆ ರಾಶಿ ಹಾಕಿಟ್ಟರೆ ಕೆಲಸ ಮುಗಿದ ಮೇಲೆ ಬರೆಯ ಮೇಲೂ ಕೈತೋಟಕ್ಕೂ ಅದನ್ನೇ ಹರಡಬಹುದು. ನಾವು ಕೊನೆಗೆ ಎರಡು ಮೆಟ್ಟಿಲುಗಳ ದಾರಿಯನ್ನು ಆರಿಸಿದೆವು: ಮನೆಯ ಇಡೀ ಅಡಿಪಾಯ ಕಡಿದ ನೆಲದ ಮೇಲೆಯೇ ಕೂರುತ್ತದೆ, ಅಡುಗೆಮನೆಯೂ ಊಟದ ಕೋಣೆಯೂ ಚಾವಡಿಗಿಂತ ಒಂದೂವರೆ ಮೀಟರ್ ಮೇಲೆ ಬರುತ್ತವೆ, ತುಂಬಿದ ಮಣ್ಣಿನ ಮೇಲೆ ಅಂಗಳ ಮಾತ್ರ. ಮನೆಯೊಳಗೆ ಮೆಟ್ಟಿಲು ಹತ್ತಬೇಕಾದೀತೆಂಬ ಆಕ್ಷೇಪ ಬಂದದ್ದು ನಿಜ, ವಯಸ್ಸಾದವರ ಕೋಣೆಯನ್ನು ಚಾವಡಿಯ ಮಟ್ಟದಲ್ಲಿಯೇ ಇರಿಸಿ ಅದನ್ನು ಪರಿಹರಿಸಿದೆವು.

ಬರೆಯ ವಿಚಾರಕ್ಕೆ ಬರುತ್ತೇನೆ. ಘಟ್ಟದ ಮೇಲಿನವರು ಇದನ್ನೇ ಧರೆ ಎನ್ನುತ್ತಾರೆ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳು ಜಾರಿದಾಗ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆಂದು ಬುಡ ಕಡಿದಿದ್ದ ಗುಡ್ಡ ಗಂಗಾವಳಿ ನದಿಯ ದಡಕ್ಕೆ ಕುಸಿದು ಜೀವಗಳನ್ನು ಕೊಂಡೊಯ್ದಾಗ, ಇಳಿಜಾರನ್ನು ಕಡಿಯುವುದರ ಬಗ್ಗೆ ರಾಜ್ಯವೆಲ್ಲ ಮಾತಾಡಿತು. ಮನೆಯ ಹಿಂದಿನ ಬರೆ ಅಷ್ಟು ದೊಡ್ಡದಲ್ಲ, ಆದರೆ ಅದು ಜರಿಯುವ ಬಗೆ ಬೇರೆಯೇನೂ ಅಲ್ಲ. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ ಇಳಿಜಾರು ನಿಂತಿರುತ್ತದೆ. ಕಣಗಳ ನಡುವಿನ ಸಂದಿನಲ್ಲಿ ನೀರು ತುಂಬಿ ಒತ್ತಡ ಏರಿದಂತೆ ಆ ಹಿಡಿತ ಸಡಿಲವಾಗುತ್ತದೆ. ಕಾರ್ಲ್ ಟೆರ್ಜಾಗಿ ಎಂಬ ವಿಜ್ಞಾನಿ 1920ರ ದಶಕದಲ್ಲಿ ಈ ಸಂಬಂಧವನ್ನು ಸೂತ್ರಕ್ಕೆ ತಂದ ಮೇಲೆಯೇ ಮಣ್ಣಿನ ಎಂಜಿನಿಯರಿಂಗ್ ಒಂದು ಶಾಸ್ತ್ರವಾಯಿತು. ಬುಡವನ್ನು ಕಡಿದಾಗ ಇಳಿಜಾರಿನ ಆಸರೆ ಹೋಗುತ್ತದೆ, ಮಳೆಗಾಲದಲ್ಲಿ ಒಳಗಿನ ಹಿಡಿತವೂ ಹೋಗುತ್ತದೆ. ಜುಲೈಯ ಎಡೆಬಿಡದ ಮಳೆಯ ನಾಲ್ಕನೆಯ ಐದನೆಯ ದಿನ ಬರೆಗಳು ಬೀಳುವುದಕ್ಕೆ ಕಾರಣ ಇದೇ.

ಗಟ್ಟಿ ಮುರಕಲ್ಲಿನ ಭಾಗ ನೆಟ್ಟಗಿರಲಿ, ಮಣ್ಣಿನ ಮತ್ತು ಶೇಡಿಯ ಭಾಗಕ್ಕೆ ಮಾತ್ರ ಓರೆ ಬೇಕೇ ಬೇಕು. 1 ಮೀಟರ್ ಎತ್ತರಕ್ಕೆ ಒಂದರಿಂದ ಒಂದೂವರೆ ಮೀಟರ್ ಹಿಂದಕ್ಕೆ ಸರಿಯುವಂತೆ ಕಡಿಯುವುದು ವಾಡಿಕೆ. ಅದಕ್ಕೆ ಹೆಚ್ಚು ಜಾಗ ಹೋಗುತ್ತದೆಂಬ ಕಾರಣಕ್ಕೆ ಎಲ್ಲರೂ ನೆಟ್ಟಗೆ ಕಡಿಸುತ್ತಾರೆ, ಮತ್ತು ಉಳಿಸಿದ ಆ ಜಾಗಕ್ಕೆ ಆಮೇಲೆ ತಡೆಗೋಡೆಯ ರೂಪದಲ್ಲಿ ಹಲವು ಪಟ್ಟು ಬೆಲೆ ತೆರುತ್ತಾರೆ. ಮನೆಯ ಹಿಂಗೋಡೆಗೂ ಬರೆಯ ಬುಡಕ್ಕೂ ನಡುವೆ ಕನಿಷ್ಠಪಕ್ಷ ಬರೆಯ ಎತ್ತರದಷ್ಟು ಅಂತರ ಬಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಇದಕ್ಕಿಂತಲೂ ಮುಖ್ಯವಾದದ್ದು ಬರೆಯ ಮೇಲಂಚಿನಿಂದ ಎರಡು ಮೂರು ಮೀಟರ್ ಹಿಂದೆ ಗುಡ್ಡಕ್ಕೆ ಅಡ್ಡಲಾಗಿ ತೆಗೆಯುವ ಕಣಿ. ಮೇಲಿನ ಗುಡ್ಡದಿಂದ ಹರಿದುಬರುವ ನೀರನ್ನು ಬರೆ ತಲುಪುವ ಮೊದಲೇ ಹಿಡಿದು ಎರಡೂ ಪಕ್ಕಗಳಿಗೆ ತಿರುಗಿಸುವ ಈ ಕಣಿಯನ್ನು ಬರೆ ಕಡಿಯುವುದಕ್ಕಿಂತ ಮುಂಚೆಯೇ ತೋಡಬೇಕು, ಏಕೆಂದರೆ ಬರೆ ಕಡಿದ ಮೇಲೆ ಯಂತ್ರ ಅಲ್ಲಿಗೆ ಹತ್ತಲಾರದು. ನೂರು ಮೀಟರಿಗೆ ಒಂದರಿಂದ ಎರಡು ಮೀಟರಿನಷ್ಟು ವಾಟ, ಅಂದರೆ ನೀರು ಹರಿಯುವ ಇಳಿಜಾರು, ಸಾಕು. ಹೆಚ್ಚಾದರೆ ನೀರು ಕಣಿಯನ್ನೇ ಕೊರೆಯುತ್ತದೆ. ಕಣಿಯ ತಳಕ್ಕೆ ಕಲ್ಲು ಹಾಸಿ ಸಿಮೆಂಟು ಬಳಿಯುವುದು ಅಗತ್ಯ, ಇಲ್ಲವಾದರೆ ಹಿಡಿದ ನೀರು ಅಲ್ಲಿಯೇ ಇಂಗಿ ಬರೆಯ ಒಳಗೇ ಇಳಿಯುತ್ತದೆ. ಇದೇ ಕಾರಣಕ್ಕೆ ಬರೆಯ ಮೇಲ್ಭಾಗದಲ್ಲಿ ಇಂಗುಗುಂಡಿ ತೋಡುವುದು ಸರ್ವಥಾ ಸಲ್ಲದು. ನೀರಿಂಗಿಸುವ ಚಳವಳಿಯ ಬಗ್ಗೆ ನನಗೆ ತುಂಬು ಗೌರವವಿದೆ, ನಮ್ಮ ಬಾವಿ ಬೇಸಗೆಯಲ್ಲೂ ಬತ್ತದಿರುವುದು ಅದರಿಂದಲೇ. ಆದರೆ ಇಂಗಿಸಬೇಕಾದದ್ದು ಸೌಮ್ಯವಾದ ಇಳಿಜಾರಿನಲ್ಲಿ, ಮನೆಗಳಿಂದಲೂ ಬರೆಗಳಿಂದಲೂ ದೂರದಲ್ಲಿ.

ತಡೆಗೋಡೆ ಕಟ್ಟಲೇಬೇಕಾದಲ್ಲಿ ಅದರ ದಪ್ಪಕ್ಕಿಂತ ಅದರ ಹಿಂದಿನ ನೀರಿಗೆ ಹೆಚ್ಚು ಗಮನ ಕೊಡಬೇಕು. 3 ಮೀಟರ್ ಎತ್ತರದ ಗೋಡೆಯ ಮೇಲೆ ಒಣಮಣ್ಣು ಮೀಟರ್ ಉದ್ದಕ್ಕೆ ಸುಮಾರು ಎರಡು ಮುಕ್ಕಾಲು ಟನ್ನಿನಷ್ಟು ಬಲದಿಂದ ಒತ್ತುತ್ತದೆ. ಹಿಂದೆ ನೀರು ತುಂಬಿ ನಿಂತರೆ ಆ ಒತ್ತಡ ಎರಡು ಪಟ್ಟಿಗೂ ಮೀರುತ್ತದೆ. ಎತ್ತರ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆಂಬುದೂ ಎರಡು ಗಿಡ್ಡ ಗೋಡೆಗಳು ಒಂದು ಎತ್ತರದ ಗೋಡೆಗಿಂತ ಮೇಲೆಂಬುದಕ್ಕೆ ಆಧಾರ. ಗೋಡೆಯ ಹಿಂದೆ ಒಂದಡಿ ದಪ್ಪಕ್ಕೆ ಜಲ್ಲಿ ತುಂಬಿ, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ ಹಾಸಿ, ಒಂದೂವರೆ ಮೀಟರಿಗೊಂದರಂತೆ ನೀರು ಹೊರಬರುವ ಪೈಪುಗಳನ್ನು ಇಡಬೇಕು. ನಮ್ಮೂರಿನ ಹಲವು ಗೋಡೆಗಳಲ್ಲಿ ಪೈಪೇನೋ ಇದೆ, ಅದರ ಹಿಂದೆ ಜಲ್ಲಿಯಿಲ್ಲ. ಮೊದಲ ವರ್ಷವೇ ಶೇಡಿ ಬಂದು ಬಾಯಿ ಕಟ್ಟಿಕೊಂಡಿರುತ್ತದೆ. ಸಿಮೆಂಟಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹಳೆಯ ತಡೆಗೋಡೆಗಳು ಉಳಿದುಕೊಂಡು ಬಂದದ್ದಕ್ಕೆ ಅವುಗಳ ಪ್ರತಿ ಸಂದಿನಲ್ಲೂ ನೀರಿಗೆ ದಾರಿಯಿದ್ದದ್ದೇ ಕಾರಣ.

ಅಂಗಳದ ವಿಷಯ ಸರಳ. ಮನೆಯ ಗೋಡೆಯಿಂದ ಮೊದಲ ಮೂರು ಮೀಟರ್ ದೂರಕ್ಕೆ ಮಣ್ಣಿನ ನೆಲ ಕನಿಷ್ಠ 15 ಸೆಂಟಿಮೀಟರ್ ಇಳಿಯಬೇಕು, ಸಿಮೆಂಟು ಅಥವಾ ಇಂಟರ್‌ಲಾಕ್ ಹಾಸಿದ್ದರೆ 6 ಸೆಂಟಿಮೀಟರ್ ಸಾಕು. ಈ ವಾಟ ಮನೆಯ ನಾಲ್ಕೂ ಕಡೆ ಇರಬೇಕು, ಗುಡ್ಡದ ಕಡೆಗೂ ಸಹ. ಗುಡ್ಡದಿಂದ ಇಳಿಯುವ ವಾಟ ಮತ್ತು ಗೋಡೆಯಿಂದ ಇಳಿಯುವ ವಾಟ ಕೂಡುವಲ್ಲಿ ಒಂದು ಕಣಿ ಹರಿದು ಎರಡನ್ನೂ ಪಕ್ಕಕ್ಕೆ ಒಯ್ಯಬೇಕು. ಅಡಿಕೆ ಒಣಗಿಸುತ್ತಿದ್ದ ಹಳೆಯ ಅಂಗಳಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಕಣ್ಣಿಗೆ ಸಮವಾಗಿ ಕಾಣುವ ಆ ಅಂಗಳಗಳ ಮೇಲೆ ಒಂದು ಚೊಂಬು ನೀರು ಸುರಿದರೆ ಅದು ಮೂಲೆಯ ತೂಬನ್ನು ಹುಡುಕಿಕೊಂಡು ಹೋಗುತ್ತದೆ. ಈಗಿನ ಅಂಗಳಗಳಲ್ಲಿ ಈ ವಾಟವನ್ನು ಇಂಟರ್‌ಲಾಕ್ ಹಾಸುವವರ ಕೈಗೆ ಬಿಟ್ಟಿರುತ್ತಾರೆ, ಅಷ್ಟರಲ್ಲಿ ಬಾಗಿಲಿನ ಹೊಸ್ತಿಲಿನ ಎತ್ತರ ನಿಶ್ಚಯವಾಗಿ ಹೋಗಿರುವುದರಿಂದ ಅವರಿಗೂ ಮಾಡಲು ಏನೂ ಉಳಿದಿರುವುದಿಲ್ಲ. ವಾಟ ತೀರ್ಮಾನವಾಗಬೇಕಾದದ್ದು ಅಡಿಪಾಯದ ಹಗ್ಗ ಕಟ್ಟುವ ದಿನ.

ಕಣಿಯ ನೀರು ಕೊನೆಗೆ ಎಲ್ಲಿಗೆ ಹೋಗಬೇಕೆಂಬುದು ನೆರೆಯವರೊಂದಿಗೆ ಕುಳಿತು ಮಾತಾಡಿ ಮುಗಿಸಬೇಕಾದ ವಿಷಯ. 1882ರ ಅನುಭೋಗ ಹಕ್ಕುಗಳ ಕಾಯ್ದೆ ಆರಂಭದಿಂದಲೇ, ನಮ್ಮ ಜಿಲ್ಲೆ ಸೇರಿದ್ದ ಆಗಿನ ಮದರಾಸು ಪ್ರಾಂತ್ಯಕ್ಕೂ ಕೊಡಗಿಗೂ ಅನ್ವಯವಾಗಿದ್ದದ್ದು. ಮೇಲಿನ ಜಾಗದ ನೀರು ಸಹಜವಾಗಿ ಕೆಳಗಿನ ಜಾಗಕ್ಕೆ ಹರಿಯುವುದನ್ನು ಕೆಳಗಿನವನು ತಡೆಯುವಂತಿಲ್ಲವೆಂದೂ, ಒಬ್ಬನ ನೆಲಕ್ಕೆ ಪಕ್ಕದ ನೆಲ ಕೊಡುವ ಸಹಜ ಆಸರೆ ಅವನ ಹಕ್ಕೆಂದೂ ಅದರ 7ನೆಯ ಕಲಮಿನ ಉದಾಹರಣೆಗಳಲ್ಲಿ ಹೇಳಿದೆ. ಅಂದಮೇಲೆ ಗಡಿಗೆ ತಾಗಿಸಿ ನೆಟ್ಟಗೆ ಬರೆ ಕಡಿದು ಮೇಲಿನವನ ಜಾಗವನ್ನು ಜರಿಯುವಂತೆ ಮಾಡುವುದು ಅನ್ಯಾಯ. ಹರಡಿ ಹರಿಯುತ್ತಿದ್ದ ನೀರನ್ನೆಲ್ಲ ಒಂದು ಪೈಪಿನಲ್ಲಿ ಕೂಡಿಸಿ ಕೆಳಗಿನವನ ತೋಟದ ಬದಿಗೆ ಬಿಡುವುದನ್ನು ಸಹಜವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಕಣಿಯನ್ನು ಗಡಿಯವರೆಗೆ ಕಲ್ಲುಹಾಸಿನಲ್ಲಿ ಒಯ್ದು, ನಡುವೆ ಮಣ್ಣು ತಂಗುವ ಎರಡು ತೊಟ್ಟಿಗಳನ್ನು ಕಟ್ಟಿ, ಕೆಳಗಿನವರ ಒಪ್ಪಿಗೆಯಿಂದ ಅವರ ತೋಟದ ಪಕ್ಕದ ಹಳೆಯ ತೋಡಿಗೆ ಸೇರಿಸಿದ್ದೇವೆ. ತೋಡಿನ ಹೂಳು ತೆಗೆಸುವ ಖರ್ಚನ್ನು ಇಬ್ಬರೂ ಹಂಚಿಕೊಂಡೆವು.

ಕಾಲದ ಬಗ್ಗೆ ಒಂದು ಮಾತು. ಮಣ್ಣಿನ ಕೆಲಸ ಜನವರಿಯಲ್ಲಿ ಆರಂಭವಾಗಿ ಏಪ್ರಿಲ್ ಕೊನೆಗೆ ಮುಗಿದಿರಬೇಕು. ಮೇ ತಿಂಗಳ ಗುಡುಗು ಮಳೆ ಬಂದಾಗ ಬರೆಯ ಮೇಲೆ ಹಸಿರು ಹಿಡಿಯಲು ಅದೇ ಸಮಯ. ಅದಕ್ಕೆ ಲಾವಂಚಕ್ಕಿಂತ ಒಳ್ಳೆಯದು ನನಗೆ ತಿಳಿದಿಲ್ಲ. ಬೇರು ಪಕ್ಕಕ್ಕೆ ಹಬ್ಬದೆ ನೇರ ಕೆಳಗೆ ಮೂರು ಮೀಟರಿನವರೆಗೂ ಇಳಿಯುತ್ತದೆ, ದನ ಬಲಿತ ಎಲೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಬದುಗಳಲ್ಲಿ ತಲೆಮಾರುಗಳಿಂದ ಇದನ್ನು ಸಾಲಾಗಿ ಬೆಳೆಸುತ್ತ ಬಂದಿದ್ದಾರೆ. ಬರೆಯ ಓರೆಗೆ ಅಡ್ಡವಾಗಿ ಒಂದು ಮೀಟರಿಗೊಂದು ಸಾಲು, ಸಾಲಿನಲ್ಲಿ ಗೇಣಿಗೊಂದು ಬುಡ ನೆಟ್ಟರೆ ಎರಡನೆಯ ಮಳೆಗಾಲಕ್ಕೆ ಸಾಲು ಕೂಡಿಕೊಳ್ಳುತ್ತದೆ. ಮೊದಲ ಮಳೆಗಾಲಕ್ಕೆ ತೆಂಗಿನ ನಾರಿನ ಬಲೆ ಹೊದಿಸಬೇಕು. ಟಾರ್ಪಾಲು ಹೊದಿಸುವುದು ತುರ್ತಿನ ಉಪಾಯ ಮಾತ್ರ, ಅದರ ಅಂಚಿನಲ್ಲಿ ಇಳಿಯುವ ನೀರು ಬುಡದ ಕಣಿಗೆ ಸೇರದಿದ್ದರೆ ಅದರಿಂದ ಹಾನಿಯೇ ಹೆಚ್ಚು.

ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಎರಡು ಮಳೆಗಾಲಗಳಲ್ಲಿ ಬರೆಯನ್ನು ದಿನವೂ ನೋಡಬೇಕು. ಮೇಲಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಬಿರುಕು ಕಾಣಿಸಿದರೆ, ನೆಟ್ಟಗಿದ್ದ ಮರ ಮನೆಯ ಕಡೆ ವಾಲಿದರೆ, ತಿಳಿಯಾಗಿ ಒಸರುತ್ತಿದ್ದ ನೀರು ಕದಡಿ ಬಿಳಿಯಾಗಿ ಬರತೊಡಗಿದರೆ ಅಥವಾ ಮಳೆ ಸುರಿಯುತ್ತಿರುವಾಗಲೇ ಒಸರು ತಟಕ್ಕನೆ ನಿಂತುಹೋದರೆ, ಆ ಕೂಡಲೇ ಬರೆಯ ಕಡೆಯ ಕೋಣೆಗಳನ್ನು ಬಿಟ್ಟು ಮನೆಯವರೆಲ್ಲ ಬೇರೆಡೆಗೆ ಹೋಗಬೇಕು, ಗ್ರಾಮ ಪಂಚಾಯತಿಗೂ ಕಂದಾಯ ಇಲಾಖೆಯವರಿಗೂ ತಿಳಿಸಬೇಕು. ಮಳೆ ಸುರಿಯುತ್ತಿರುವಾಗ ಯಂತ್ರ ತರಿಸಿ ಬಿದ್ದ ಮಣ್ಣನ್ನು ಬುಡದಿಂದ ತೆಗೆಸುವುದು ಅತ್ಯಂತ ಅಪಾಯದ ಕೆಲಸ, ಏಕೆಂದರೆ ಆ ಹೊತ್ತಿನಲ್ಲಿ ಉಳಿದ ಬರೆಗೆ ಆಸರೆಯಾಗಿ ನಿಂತಿರುವುದು ಆ ಬಿದ್ದ ಮಣ್ಣೇ. ಅದನ್ನು ಹಾಗೆಯೇ ಬಿಟ್ಟು, ಬಿರುಕಿನ ಬಾಯಿಗೆ ಜೇಡಿಮಣ್ಣು ಮೆತ್ತಿ, ಮೇಲಿನ ಕಣಿಯಲ್ಲಿ ನೀರು ಸರಾಗವಾಗಿ ಹರಿಯುತ್ತಿದೆಯೇ ಎಂದು ಪಕ್ಕದಿಂದ, ಬರೆಯ ಬುಡಕ್ಕೆ ಹೋಗದೆ, ನೋಡಿಕೊಳ್ಳುವುದಷ್ಟೇ ಆಗ ಮಾಡಬಹುದಾದದ್ದು. ಮಣ್ಣು ತೆಗೆಯುವುದೂ ಬರೆಯನ್ನು ಮತ್ತೆ ಮೆಟ್ಟಿಲು ಮಾಡುವುದೂ ಡಿಸೆಂಬರಿನಲ್ಲಿ, ನೆಲ ಒಣಗಿದ ಮೇಲೆ.